ಭಯದ ಕಥೆಯ ಕೊನೆಯ ಕಂತನ್ನು ಓದುವುದು ಹೇಗೆ?

ನೀವು ಈವರೆಗೆ ಭಯದ ಕಥೆಗಳನ್ನು ಓದಿಲ್ಲ ಎಂದುಕೊಳ್ಳೋಣ. ಪತ್ರಿಕೆಯಲ್ಲಿ ಧಾರಾವಾಹಿಯಾಗಿ ಬಂದ ಕಥೆಯನ್ನು ವಾರವಾರ ಕಾದು ಓದಿದ ಅಭ್ಯಾಸವೂ ಇಲ್ಲ ಎಂದುಕೊಳ್ಳೋಣ. ಅದರಿಂದ ಏನೂ ತೊಂದರೆಯಿಲ್ಲ. ಈ ಲೇಖನಕ್ಕೆ ಬೇಕಾದದ್ದು ಸ್ವಲ್ಪ ಕುತೂಹಲ ಮಾತ್ರ. ಒಂದು ಸಣ್ಣ ಊರು, ಅಲ್ಲಿಗೆ ಬಂದ ಒಬ್ಬ ಅಪರಿಚಿತ, ಕಂತಿನಿಂದ ಕಂತಿಗೆ ಬೆಳೆದ ಭಯ, ಎಲ್ಲವನ್ನೂ ಮುಗಿಸಬೇಕಾದ ಒಂದು ಅಧ್ಯಾಯ. ಇಷ್ಟನ್ನು ಮುಂದಿಟ್ಟುಕೊಂಡು, ಇಂಥ ಕಥೆಯ ಅಂತ್ಯ ಹೇಗೆ ಕೆಲಸ ಮಾಡುತ್ತದೆ ಎಂದು ಹಂತಹಂತವಾಗಿ ನೋಡೋಣ.

ಉದಾಹರಣೆಗೆ ನಾನು ಆರಿಸಿಕೊಂಡಿರುವುದು ಎಚ್. ಜಿ. ವೆಲ್ಸ್ ಬರೆದ 'ದಿ ಇನ್‌ವಿಸಿಬಲ್ ಮ್ಯಾನ್', ಅಂದರೆ ಅದೃಶ್ಯ ಮನುಷ್ಯನ ಕಥೆ. 1897ರ ಬೇಸಿಗೆಯಲ್ಲಿ ಲಂಡನ್ನಿನ 'ಪಿಯರ್ಸನ್ಸ್ ವೀಕ್ಲಿ' ಎಂಬ ವಾರಪತ್ರಿಕೆಯಲ್ಲಿ ಅದು ಧಾರಾವಾಹಿಯಾಗಿ ಬಂತು. ಅದೇ ವರ್ಷ ಪುಸ್ತಕವೂ ಆಯಿತು. ಅಂತ್ಯವನ್ನು ಮುಚ್ಚಿಟ್ಟುಕೊಂಡು ಅಂತ್ಯದ ಪಾಠ ಮಾಡಲು ಬರುವುದಿಲ್ಲವಾದ್ದರಿಂದ, ಕಥೆ ಹೇಗೆ ಮುಗಿಯುತ್ತದೆ ಎಂಬುದನ್ನು ಇಲ್ಲಿ ಪೂರ್ತಿಯಾಗಿ ಹೇಳಲಿದ್ದೇನೆ. ಮೊದಲು ಕಾದಂಬರಿಯನ್ನೇ ಓದಬೇಕು ಎನ್ನಿಸಿದರೆ ಓದಿ ಬನ್ನಿ. ಅದು ಚಿಕ್ಕ ಪುಸ್ತಕ, ಎರಡು ಸಂಜೆಗಳಲ್ಲಿ ಮುಗಿಯುತ್ತದೆ.

ಮೊದಲ ಹಂತ: ಧಾರಾವಾಹಿ ಎಂದರೇನು?

ಒಂದು ದೀರ್ಘ ಕಥೆಯನ್ನು ಭಾಗಗಳಾಗಿ ಒಡೆದು, ಗೊತ್ತುಪಡಿಸಿದ ಅವಧಿಗೊಂದರಂತೆ ಪ್ರಕಟಿಸುವುದೇ ಧಾರಾವಾಹಿ. ಒಂದೊಂದು ಭಾಗಕ್ಕೂ ಕಂತು ಎಂದು ಹೆಸರು. ಇಂಗ್ಲೆಂಡಿನಲ್ಲಿ ಚಾರ್ಲ್ಸ್ ಡಿಕನ್ಸ್ 1836–37ರಲ್ಲಿ 'ಪಿಕ್‌ವಿಕ್ ಪೇಪರ್ಸ್' ಕಾದಂಬರಿಯನ್ನು ತಿಂಗಳಿಗೊಂದು ಭಾಗದಂತೆ ಹೊರತಂದ ಮೇಲೆ ಈ ಪದ್ಧತಿ ಬಹಳ ಜನಪ್ರಿಯವಾಯಿತು. ಕನ್ನಡಿಗರಿಗೂ ಇದು ಹೊಸದಲ್ಲ. 1965ರಲ್ಲಿ ಹುಟ್ಟಿದ 'ಸುಧಾ', 1983ರಲ್ಲಿ ಹುಟ್ಟಿದ 'ತರಂಗ' ಮನೆಗೆ ಬಂದ ಕೂಡಲೇ ಧಾರಾವಾಹಿಯ ಪುಟವನ್ನೇ ಮೊದಲು ಬಿಡಿಸುತ್ತಿದ್ದವರು ನಿಮ್ಮ ಮನೆಯಲ್ಲೇ ಇರಬಹುದು. ದೂರದರ್ಶನದಲ್ಲಿ ಸದಾನಂದ ಸುವರ್ಣರ 'ಗುಡ್ಡದ ಭೂತ' ಬರುತ್ತಿದ್ದಾಗ ಮುಂದಿನ ವಾರಕ್ಕಾಗಿ ಕಾದವರು ಈಗಲೂ ಅದನ್ನು ನೆನೆಯುತ್ತಾರೆ.

ಧಾರಾವಾಹಿಯ ಲೇಖಕ ಓದುಗರ ಜೊತೆ ನಡೆಸುವ ವ್ಯವಹಾರವನ್ನು ಕಿರಾಣಿ ಅಂಗಡಿಯ ಉದ್ರಿ ಲೆಕ್ಕದಂತೆ ಕಲ್ಪಿಸಿಕೊಳ್ಳಿ. ಇಲ್ಲಿ ಉದ್ರಿ ತೆಗೆದುಕೊಳ್ಳುವವನು ಲೇಖಕ, ಕೊಡುವವರು ನೀವು. ಪ್ರತಿ ಕಂತಿನಲ್ಲೂ ಆತ ನಿಮ್ಮಿಂದ ಒಂದಿಷ್ಟು ನಂಬಿಕೆಯನ್ನು ಸಾಲ ಪಡೆಯುತ್ತಾನೆ. ಈ ಬಾಗಿಲ ಹಿಂದೆ ಏನೋ ಇದೆ, ಆಮೇಲೆ ತೋರಿಸುತ್ತೇನೆ ಎನ್ನುತ್ತಾನೆ. ಈ ಮನುಷ್ಯ ಯಾಕೆ ಹೀಗೆ ನಡೆದುಕೊಂಡ, ಆಮೇಲೆ ಹೇಳುತ್ತೇನೆ ಎನ್ನುತ್ತಾನೆ. ನೀವು ಒಪ್ಪಿ ಪುಟದಲ್ಲಿ ಬರೆದುಕೊಳ್ಳುತ್ತೀರಿ. ಕೊನೆಯ ಕಂತು ಲೆಕ್ಕ ಚುಕ್ತಾ ಮಾಡುವ ದಿನ. ಒಳ್ಳೆಯ ಲೇಖಕ ಯಾವ ಸಾಲವನ್ನು ತೀರಿಸುತ್ತಾನೆ, ಯಾವುದನ್ನು ಬೇಕೆಂದೇ ಬಾಕಿ ಉಳಿಸುತ್ತಾನೆ ಎಂದು ಗಮನಿಸುವುದೇ ಕೊನೆಯ ಕಂತನ್ನು ಓದುವ ಮೊದಲ ಪಾಠ.

ಎರಡನೆಯ ಹಂತ: ಸಣ್ಣ ಊರೇ ಏಕೆ?

ಮಹಾನಗರದಲ್ಲಿ ಮುಖ ಮುಚ್ಚಿಕೊಂಡ ಅಪರಿಚಿತನೊಬ್ಬ ನಡೆದುಹೋದರೆ ಯಾರೂ ತಲೆ ಎತ್ತಿ ನೋಡುವುದಿಲ್ಲ. ಸಣ್ಣ ಊರಿನಲ್ಲಿ ಹಾಗಾಗುವುದಿಲ್ಲ. ಅಲ್ಲಿ ಯಾರ ಮನೆಗೆ ಯಾರು ಬಂದರು, ಎಷ್ಟು ದಿನ ಉಳಿದರು, ದುಡ್ಡು ಕೊಟ್ಟರೇ ಇಲ್ಲವೇ ಎಂಬುದು ಸಂಜೆಯೊಳಗೆ ಎಲ್ಲರಿಗೂ ಗೊತ್ತಾಗುತ್ತದೆ. ಭಯದ ಕಥೆಗೆ ಇಂಥ ಊರು ಎರಡು ಕಾರಣಗಳಿಗೆ ಬೇಕು. ಮೊದಲನೆಯದು, ಎಲ್ಲರೂ ಎಲ್ಲರನ್ನೂ ಬಲ್ಲ ಜಾಗದಲ್ಲಿ ಗೊತ್ತಿಲ್ಲದ ಒಂದೇ ಒಂದು ಸಂಗತಿ ಬಹಳ ದೊಡ್ಡದಾಗಿ ಕಾಣುತ್ತದೆ. ಎರಡನೆಯದು, ಅಲ್ಲಿ ಭಯ ಬಾಯಿಂದ ಬಾಯಿಗೆ ಹರಡುತ್ತದೆ, ಹರಡುತ್ತಾ ರೂಪ ಬದಲಿಸುತ್ತದೆ.

ವೆಲ್ಸ್ ಆರಿಸಿಕೊಂಡದ್ದು ಇಂಗ್ಲೆಂಡಿನ ದಕ್ಷಿಣದ ಸಸೆಕ್ಸ್ ಸೀಮೆಯ ಐಪಿಂಗ್ ಎಂಬ ಹಳ್ಳಿಯನ್ನು. ಇದು ಕಾಲ್ಪನಿಕ ಊರಲ್ಲ, ಈಗಲೂ ಭೂಪಟದಲ್ಲಿದೆ. ಆ ಸೀಮೆ ಅವರಿಗೆ ಚೆನ್ನಾಗಿ ಗೊತ್ತಿತ್ತು. 1866ರಲ್ಲಿ ಹುಟ್ಟಿದ ವೆಲ್ಸ್ ಐಪಿಂಗಿನ ಹತ್ತಿರದ ಮಿಡ್‌ಹರ್ಸ್ಟ್ ಎಂಬ ಪೇಟೆಯಲ್ಲಿ ಹುಡುಗನಾಗಿದ್ದಾಗ ಸ್ವಲ್ಪ ಕಾಲ ಔಷಧದ ಅಂಗಡಿಯಲ್ಲಿ ಕೆಲಸ ಕಲಿತರು. ಆಮೇಲೆ ಅಲ್ಲಿನ ಶಾಲೆಯಲ್ಲಿ ಪಾಠವನ್ನೂ ಹೇಳಿದರು. ಅವರ ತಾಯಿ ಅದೇ ಸೀಮೆಯ ಅಪ್‌ಪಾರ್ಕ್ ಎಂಬ ಶ್ರೀಮಂತರ ಮನೆಯಲ್ಲಿ ಮನೆವಾರ್ತೆ ನೋಡಿಕೊಳ್ಳುವ ಕೆಲಸದಲ್ಲಿದ್ದರು. ಮುಂದೆ ವೆಲ್ಸ್ ಲಂಡನ್ನಿನಲ್ಲಿ ಥಾಮಸ್ ಹಕ್ಸ್‌ಲಿಯಂಥ ವಿಜ್ಞಾನಿಯ ಬಳಿ ಜೀವಶಾಸ್ತ್ರ ಕಲಿತರು. ಈ ಕಥೆಯಲ್ಲಿ ಒಂದು ಕಡೆ ಹಳ್ಳಿಯ ಮಾತುಕತೆ, ಇನ್ನೊಂದು ಕಡೆ ಪ್ರಯೋಗಶಾಲೆಯ ವಿವರ ಸಲೀಸಾಗಿ ಬೆರೆಯುವುದಕ್ಕೆ ಈ ಎರಡು ಹಿನ್ನೆಲೆಗಳೇ ಕಾರಣ.

ಮೂರನೆಯ ಹಂತ: ಅಂತ್ಯಕ್ಕೆ ಮುಂಚೆ ಏನೇನಾಗಿದೆ?

ಕೊನೆಯ ಕಂತು ಅರ್ಥವಾಗಬೇಕಾದರೆ ಅದುವರೆಗಿನ ಲೆಕ್ಕ ನಮ್ಮ ಕೈಯಲ್ಲಿರಬೇಕು. ನಿಧಾನವಾಗಿ ಬರೆದುಕೊಳ್ಳುತ್ತಾ ಹೋಗೋಣ.

ಫೆಬ್ರವರಿಯ ಹಿಮ ಬೀಳುವ ಒಂದು ದಿನ, ರೈಲು ನಿಲ್ದಾಣದಿಂದ ನಡೆದುಕೊಂಡು ಒಬ್ಬ ಮನುಷ್ಯ ಐಪಿಂಗಿಗೆ ಬರುತ್ತಾನೆ. 'ಕೋಚ್ ಅಂಡ್ ಹಾರ್ಸಸ್' ಎಂಬಲ್ಲಿ ಕೋಣೆ ಕೇಳುತ್ತಾನೆ. ಕುಡಿಯಲು ಕೂರುವ ಜಾಗವೂ ತಂಗುವ ಕೋಣೆಗಳೂ ಒಂದೇ ಸೂರಿನಡಿ ಇರುವ ಇಂಥ ಮನೆಯನ್ನು ಅಲ್ಲಿ 'ಇನ್' ಎನ್ನುತ್ತಾರೆ. ಅದನ್ನು ನಡೆಸುವವಳು ಶ್ರೀಮತಿ ಹಾಲ್. ಬಂದವನ ತಲೆ, ಮುಖ ಎಲ್ಲ ಬ್ಯಾಂಡೇಜು. ಕಣ್ಣಿಗೆ ನೀಲಿ ಕನ್ನಡಕ. ಹೊರಗೆ ಕಾಣುವುದು ಗುಲಾಬಿ ಬಣ್ಣದ ಹೊಳೆಯುವ ಮೂಗು ಒಂದೇ. ಅಪಘಾತವಾಗಿರಬೇಕು ಪಾಪ ಎಂದು ಆಕೆ ಸುಮ್ಮನಾಗುತ್ತಾಳೆ. ಹೊತ್ತಿಗೆ ಸರಿಯಾಗಿ ಬಾಡಿಗೆ ಬರುತ್ತಿರುವಷ್ಟು ದಿನ ಅವನ ವಿಚಿತ್ರಗಳನ್ನು ಸಹಿಸುತ್ತಾಳೆ. ಆಮೇಲೆ ಅವನ ಪೆಟ್ಟಿಗೆಗಳು ಬರುತ್ತವೆ. ಒಳಗೆಲ್ಲ ಹುಲ್ಲಿನಲ್ಲಿ ಹುದುಗಿಸಿದ ಬಾಟಲಿಗಳು.

ಊರು ತನಗೆ ತೋಚಿದಂತೆ ಅರ್ಥ ಹಚ್ಚುತ್ತದೆ. ಪೊಲೀಸರಿಂದ ತಪ್ಪಿಸಿಕೊಂಡ ಅಪರಾಧಿ ಎಂದು ಒಬ್ಬರು, ಬಾಂಬು ತಯಾರಿಸುವ ಕ್ರಾಂತಿಕಾರಿ ಎಂದು ಇನ್ನೊಬ್ಬರು, ಬರೀ ಹುಚ್ಚ ಎಂದು ಮತ್ತೊಬ್ಬರು. ಮಕ್ಕಳು ಅವನ ಹಿಂದೆ ಗುಮ್ಮ ಎಂದು ಕೂಗಿ ಓಡುತ್ತಾರೆ. ಊರಿನ ವೈದ್ಯ ಅವನನ್ನು ನೋಡಲು ಹೋಗಿ, ಕೋಟಿನ ತೋಳಿನೊಳಗೆ ಕೈಯೇ ಇಲ್ಲದ್ದನ್ನು ಕಂಡು ಓಡಿಬರುತ್ತಾನೆ. ಪಾದ್ರಿಯ ಮನೆಯಲ್ಲಿ ಕಳ್ಳತನವಾಗುತ್ತದೆ, ಕಳ್ಳ ಮಾತ್ರ ಕಣ್ಣಿಗೆ ಬೀಳುವುದಿಲ್ಲ. ವಸಂತದ ಹಬ್ಬದ ದಿನ, ಊರೆಲ್ಲ ಬೀದಿಯಲ್ಲಿ ಸೇರಿರುವಾಗ, ಶ್ರೀಮತಿ ಹಾಲ್ ಬಾಕಿ ಹಣ ಕೇಳುತ್ತಾಳೆ. ಅವನು ಸಿಟ್ಟಿಗೆದ್ದು ಮೂಗನ್ನೇ ಕಿತ್ತು ಅವಳ ಕೈಗಿಡುತ್ತಾನೆ, ಬ್ಯಾಂಡೇಜುಗಳನ್ನು ಬಿಚ್ಚುತ್ತಾನೆ. ಭೀಕರವಾದ ಗಾಯವನ್ನು ನಿರೀಕ್ಷಿಸಿದ್ದವರಿಗೆ ಅಲ್ಲಿ ಏನೂ ಕಾಣುವುದಿಲ್ಲ.

ಈಗ ಒಂದು ಸಂಗತಿಯನ್ನು ಗುರುತು ಹಾಕಿಕೊಳ್ಳಿ. ಇವನು ಕಣ್ಣಿಗೆ ಕಾಣದ ಮನುಷ್ಯ ಎಂಬ ಗುಟ್ಟು ಇಲ್ಲೇ, ಕಥೆಯ ಮೊದಲ ಭಾಗದಲ್ಲೇ ಒಡೆದುಹೋಗುತ್ತದೆ. ಅವನ ಹೆಸರು ಗ್ರಿಫಿನ್, ಹೇಗೆ ಅದೃಶ್ಯನಾದ ಎಂಬುದೂ ಕಥೆ ಮುಗಿಯಲು ಬಹಳ ಮುಂಚೆಯೇ ತಿಳಿಯುತ್ತದೆ. ಬೆಳಕು ಒಂದು ವಸ್ತುವಿನಿಂದ ಇನ್ನೊಂದಕ್ಕೆ ದಾಟುವಾಗ ಬಾಗುತ್ತದೆ. ಇದಕ್ಕೆ ವಕ್ರೀಭವನ ಎನ್ನುತ್ತಾರೆ. ಗಾಜಿನ ಪುಡಿ ಗಾಳಿಯಲ್ಲಿ ಬೆಳ್ಳಗೆ ಕಾಣುತ್ತದೆ, ನೀರಿನಲ್ಲಿ ಹಾಕಿದರೆ ಬಹುಮಟ್ಟಿಗೆ ಮರೆಯಾಗುತ್ತದೆ. ಬೆಳಕನ್ನು ಬಾಗಿಸುವ ಗುಣದಲ್ಲಿ ನೀರಿಗೂ ಗಾಜಿಗೂ ಇರುವ ಅಂತರ, ಗಾಳಿಗೂ ಗಾಜಿಗೂ ಇರುವ ಅಂತರಕ್ಕಿಂತ ಕಡಿಮೆ. ದೇಹವನ್ನೂ ಗಾಳಿಯ ಹಾಗೆ ಮಾಡಿದರೆ ಅದು ಕಾಣುವುದಿಲ್ಲ ಎಂಬುದು ಗ್ರಿಫಿನ್ನನ ತರ್ಕ. ಹುಟ್ಟಿನಿಂದಲೇ ಅವನ ಚರ್ಮಕ್ಕೂ ಕೂದಲಿಗೂ ಬಣ್ಣವಿಲ್ಲದ್ದರಿಂದ ಕೆಲಸ ಸುಲಭವಾಯಿತು ಎಂದು ಕಥೆ ಹೇಳುತ್ತದೆ.

ಗುಟ್ಟು ಒಡೆದ ಮೇಲೂ ಭಯ ಉಳಿದಿದೆ, ಇನ್ನೂ ಬೆಳೆಯುತ್ತಿದೆ. ಹೊಸ ಓದುಗರು ಬಹಳ ಸಲ ಇವೆರಡನ್ನೂ ಒಂದೇ ಎಂದು ತಿಳಿಯುತ್ತಾರೆ. ಗುಟ್ಟು ಗೊತ್ತಾದ ಕೂಡಲೇ ಕಥೆ ಮುಗಿಯಿತು ಎಂದುಕೊಳ್ಳುತ್ತಾರೆ. ಗುಟ್ಟು ನಮಗೆ ತಿಳಿಯದಿರುವುದಕ್ಕೆ ಸಂಬಂಧಿಸಿದ್ದು, ಭಯ ಮುಂದೆ ಆಗಬಹುದಾದುದಕ್ಕೆ ಸಂಬಂಧಿಸಿದ್ದು. ಕೊನೆಯ ಕಂತಿನವರೆಗೆ ಕಥೆಯನ್ನು ಎಳೆದುಕೊಂಡು ಹೋಗುವುದು ಎರಡನೆಯದು.

ಮುಂದಿನ ಘಟನೆಗಳು ವೇಗವಾಗಿ ಸಾಗುತ್ತವೆ. ಗ್ರಿಫಿನ್ ಐಪಿಂಗಿನಿಂದ ಪರಾರಿಯಾಗುತ್ತಾನೆ. ಥಾಮಸ್ ಮಾರ್ವೆಲ್ ಎಂಬ ಅಲೆಮಾರಿಯನ್ನು ಹೆದರಿಸಿ, ಕದ್ದ ಹಣವನ್ನೂ ತನ್ನ ಪ್ರಯೋಗದ ಟಿಪ್ಪಣಿಗಳಿರುವ ಮೂರು ಪುಸ್ತಕಗಳನ್ನೂ ಹೊರಿಸುತ್ತಾನೆ. ಮಾರ್ವೆಲ್ ಅವುಗಳೊಂದಿಗೆ ಓಡಿಹೋಗಿ ಬರ್ಡಾಕ್ ಎಂಬ ಬಂದರು ಪಟ್ಟಣ ಸೇರುತ್ತಾನೆ. ಅವನನ್ನು ಅಟ್ಟಿಸಿಕೊಂಡು ಬಂದ ಗ್ರಿಫಿನ್ ಗುಂಡೇಟಿನ ಗಾಯದೊಂದಿಗೆ ಗುಡ್ಡದ ಮೇಲಿನ ಡಾಕ್ಟರ್ ಕೆಂಪ್ ಮನೆಗೆ ನುಗ್ಗುತ್ತಾನೆ. ಕೆಂಪ್ ಅವನ ಕಾಲೇಜು ದಿನಗಳ ಪರಿಚಯದವನು. ಗ್ರಿಫಿನ್ ತನ್ನ ಕಥೆಯನ್ನೆಲ್ಲ ಹೇಳಿ, ಸೀಮೆಯನ್ನೇ ಹೆದರಿಸಿ ಆಳುವ ಯೋಜನೆಯನ್ನು ಬಿಚ್ಚಿಡುತ್ತಾನೆ. ಕೆಂಪ್ ಅಷ್ಟರಲ್ಲಿ ಗುಟ್ಟಾಗಿ ಪೊಲೀಸರಿಗೆ ಚೀಟಿ ಕಳಿಸಿರುತ್ತಾನೆ. ಗ್ರಿಫಿನ್ ತಪ್ಪಿಸಿಕೊಳ್ಳುತ್ತಾನೆ, ದಾರಿಯಲ್ಲಿ ಸಿಕ್ಕ ವಿಕ್‌ಸ್ಟೀಡ್ ಎಂಬ ನಿರುಪದ್ರವಿಯನ್ನು ಕಬ್ಬಿಣದ ಸರಳಿನಿಂದ ಹೊಡೆದು ಕೊಲ್ಲುತ್ತಾನೆ.

ಅಲ್ಲಿಗೆ ಸುತ್ತಲಿನ ಇಪ್ಪತ್ತು ಮೈಲಿಯ ಸೀಮೆ ಬೇಟೆಗೆ ಇಳಿಯುತ್ತದೆ. ಬಾಗಿಲುಗಳಿಗೆ ಬೀಗ, ಶಾಲೆಗಳಿಗೆ ರಜೆ, ಬೀದಿಯಲ್ಲಿ ಬಂದೂಕು ದೊಣ್ಣೆ ಹಿಡಿದ ಗುಂಪುಗಳು, ಜೊತೆಗೆ ನಾಯಿಗಳು. ಅವನು ಬರಿಗಾಲಲ್ಲಿ ಓಡಾಡುವುದರಿಂದ ರಸ್ತೆಗಳಲ್ಲಿ ಗಾಜಿನ ಪುಡಿ ಚೆಲ್ಲಬೇಕು ಎಂದು ಸಲಹೆ ಕೊಟ್ಟವನು ಕೆಂಪ್. ಮನುಷ್ಯರ ಗಾಯಕ್ಕೆ ಮದ್ದು ಹಾಕಬೇಕಾದ ವೈದ್ಯ ಅವನು. ಈ ಸಲಹೆಯನ್ನೂ ಲೆಕ್ಕದಲ್ಲಿ ಬರೆದಿಟ್ಟುಕೊಳ್ಳಿ.

ನಾಲ್ಕನೆಯ ಹಂತ: ಕೊನೆಯ ಅಧ್ಯಾಯವನ್ನು ನಿಧಾನವಾಗಿ ಓದೋಣ

ಇಪ್ಪತ್ತೆಂಟನೆಯ ಅಧ್ಯಾಯದ ಶೀರ್ಷಿಕೆಯೇ ಬೇಟೆಗಾರನ ಬೇಟೆಯ ಬಗ್ಗೆ ಇದೆ. ಗ್ರಿಫಿನ್ ಕೆಂಪ್ ಮನೆಗೆ ಮುತ್ತಿಗೆ ಹಾಕಿದ್ದಾನೆ. ಭೀಕರ ಹೋರಾಟ ನಡೆಯುತ್ತಿದೆ. ಆದರೆ ವೆಲ್ಸ್ ಈ ಅಧ್ಯಾಯವನ್ನು ಅಲ್ಲಿಂದ ಆರಂಭಿಸುವುದಿಲ್ಲ. ನೆರೆಮನೆಯ ಹೀಲಸ್ ಎಂಬವನು ತೋಟದ ಮಂಟಪದಲ್ಲಿ ಮಧ್ಯಾಹ್ನದ ನಿದ್ದೆ ಮಾಡುತ್ತಿರುವುದರಿಂದ ಆರಂಭಿಸುತ್ತಾರೆ. ಹೀಲಸ್ ಇದನ್ನೆಲ್ಲ ನಂಬದವನು. ಅದೃಶ್ಯ ಮನುಷ್ಯ ಎಂಬುದೆಲ್ಲ ಬುರುಡೆ ಎನ್ನುವವನು. ಪಕ್ಕದ ಮನೆಯ ಕಿಟಕಿಗಳು ಪುಡಿಯಾಗುವಾಗಲೂ ಅವನಿಗೆ ಎಚ್ಚರವಾಗಿಲ್ಲ.

ಕಣ್ಣು ಬಿಟ್ಟಾಗ ಅವನಿಗೆ ಕಾಣುವುದು ಬೇಲಿ ಹಾರಿ ತನ್ನ ಮನೆಯತ್ತ ಓಡಿಬರುತ್ತಿರುವ ಕೆಂಪ್. ಆ ಕ್ಷಣಕ್ಕೆ ಹೀಲಸ್‌ಗೆ ನಂಬಿಕೆ ಬರುತ್ತದೆ. ನಂಬಿಕೆ ಬಂದ ಕೂಡಲೇ ಅವನು ಮಾಡುವ ಕೆಲಸ ಮನೆಯ ಬಾಗಿಲು ಕಿಟಕಿಗಳನ್ನೆಲ್ಲ ಮುಚ್ಚಿಸುವುದು. ಕೆಂಪ್ ಗಾಜನ್ನು ಬಡಿದು ಒಳಗೆ ಬಿಡಿ ಎಂದು ಬೇಡುತ್ತಾನೆ. ಗಾಜಿನ ಆಚೆಯಿಂದ ಹೀಲಸ್ ವಿಷಾದ ತೋರಿಸುತ್ತಾನೆ, ಬಾಗಿಲು ಮಾತ್ರ ತೆರೆಯುವುದಿಲ್ಲ. ಓದುವಾಗ ನಿಮಗೆ ನಗು ಬರಬಹುದು. ಬರಲಿ. ನಕ್ಕ ಮೇಲೆ ಒಮ್ಮೆ ಯೋಚಿಸಿ: ನೆರೆಯವನ ಎದುರು ಬಾಗಿಲು ಹಾಕಿಕೊಂಡವನು ರಾಕ್ಷಸನಲ್ಲ, ಊಟವಾದ ಮೇಲೆ ನಿದ್ದೆ ಮಾಡುತ್ತಿದ್ದ ಗೃಹಸ್ಥ.

ಕೆಂಪ್ ಗುಡ್ಡದ ರಸ್ತೆಯಲ್ಲಿ ಇಳಿದು ಪಟ್ಟಣದ ಕಡೆಗೆ ಓಡುತ್ತಾನೆ. ನಾಲ್ಕು ದಿನಗಳ ಹಿಂದೆ ಇದೇ ರಸ್ತೆಯಲ್ಲಿ ಮಾರ್ವೆಲ್ ಜೀವ ಕೈಯಲ್ಲಿ ಹಿಡಿದು ಓಡಿದ್ದ. ಆಗ ಕೆಂಪ್ ತನ್ನ ಓದುವ ಕೋಣೆಯ ಕಿಟಕಿಯಿಂದ ನೋಡಿ, ಇನ್ನೊಬ್ಬ ಮೂರ್ಖ ಎಂದು ತಾತ್ಸಾರ ಮಾಡಿದ್ದ. ಈಗ ಅದೇ ಓಟ ಅವನ ಪಾಲಿಗೆ ಬಂದಿದೆ. ಇದನ್ನು ಕಥನದ ಮರುಕಳಿಕೆ ಎಂದು ಕರೆಯಬಹುದು: ಹಿಂದೆ ಒಬ್ಬನಿಗೆ ಆದದ್ದು ಮುಂದೆ ಅದೇ ಜಾಗದಲ್ಲಿ ಇನ್ನೊಬ್ಬನಿಗೆ ಆಗುವುದು. ಹಿಂದಿನ ಕಂತನ್ನು ನೆನಪಿಟ್ಟುಕೊಂಡ ಓದುಗರಿಗೆ ಧಾರಾವಾಹಿಯ ಲೇಖಕ ಕೊಡುವ ಸಂಭಾವನೆ ಇದು.

ಪಟ್ಟಣದ ಅಂಚಿನಲ್ಲಿ ಟ್ರ್ಯಾಮ್ ನಿಂತಿದೆ. ಚರಂಡಿ ತೋಡುವ ಕೂಲಿಯಾಳುಗಳು ಕೆಲಸದಲ್ಲಿದ್ದಾರೆ. ಕೆಂಪ್ ಕೂಗಿಕೊಳ್ಳುತ್ತಾನೆ. ಮಕ್ಕಳು ಚೀರಿ ಚದುರುತ್ತವೆ, ಬಾಗಿಲುಗಳು ತೆರೆದು ತಾಯಂದಿರು ಹೊರಗೆ ಧಾವಿಸುತ್ತಾರೆ. ದೈತ್ಯನಂಥ ಒಬ್ಬ ಕೂಲಿಯಾಳು ಸಲಿಕೆ ಎತ್ತಿ ಗಾಳಿಯಲ್ಲಿ ಬೀಸುತ್ತಾ ಬರುತ್ತಾನೆ. ಜನ ಸೇರುತ್ತಾರೆ. ಇಲ್ಲಿಯವರೆಗೆ ಓಡುತ್ತಿದ್ದ ಕೆಂಪ್ ನಿಂತು, ಬೀದಿಗೆ ಅಡ್ಡಲಾಗಿ ಸಾಲುಗಟ್ಟಿ ಎಂದು ಕೂಗಿ ಹೇಳುತ್ತಾನೆ. ಓಡಿದವನು ಬೇಟೆಗಾರನಾಗುವ ಜಾಗ ಇದು. ಕಾಣದ ಕೈಗಳು ಕೆಂಪ್‌ನ ಕುತ್ತಿಗೆ ಹಿಡಿಯುತ್ತವೆ. ಸಲಿಕೆ ಬೀಳುತ್ತದೆ, ಏನೋ ಮೆತ್ತನೆಯದಕ್ಕೆ ತಾಗುತ್ತದೆ. ಗುಂಪು ಒಮ್ಮೆಗೇ ಮೇಲೆ ಬೀಳುತ್ತದೆ. ಒದೆಗಳ ಸದ್ದಿನ ನಡುವೆ ಕರುಣೆಗಾಗಿ ಮೊರೆಯಿಡುವ ಒಂದು ಕೂಗು ಕೇಳುತ್ತದೆ, ಉಸಿರುಗಟ್ಟಿದಂತೆ ಅಡಗುತ್ತದೆ.

ಆಗ ಎಲ್ಲರನ್ನೂ ಹಿಂದಕ್ಕೆ ತಳ್ಳುವವನು ಕೆಂಪ್. ಗಾಜಿನ ಪುಡಿಯ ಸಲಹೆ ಕೊಟ್ಟವನು, ಸಾಲುಗಟ್ಟಿ ಎಂದವನು ಈಗ ಮತ್ತೆ ವೈದ್ಯನಾಗಿ, ಗಾಯವಾಗಿದೆ, ಸರಿಯಿರಿ ಎನ್ನುತ್ತಾನೆ. ಕಾಣದ ಎದೆಯ ಮೇಲೆ ಕೈಯಿಟ್ಟು ನೋಡುತ್ತಾನೆ. ಉಸಿರಿಲ್ಲ.

ಐದನೆಯ ಹಂತ: ಕಾಣಿಸಿಕೊಳ್ಳುವ ದೇಹ

ಈಗ ಕಥೆಯ ಅತ್ಯಂತ ಪ್ರಸಿದ್ಧವಾದ ದೃಶ್ಯ ಬರುತ್ತದೆ. ಗುಂಪಿನ ನಡುವಿನಿಂದ ಇಣುಕಿದ ಒಬ್ಬ ಮುದುಕಿ ಬೆರಳು ತೋರಿಸಿ ಚೀರುತ್ತಾಳೆ. ನೆಲದ ಮೇಲೆ ಒಂದು ಕೈಯ ಆಕಾರ ಮೂಡುತ್ತಿದೆ. ಮೊದಲು ನರಗಳ ಬಿಳಿ ಎಳೆಗಳು, ಆಮೇಲೆ ಗಾಜಿನಂತೆ ಮೂಳೆಗಳು, ರಕ್ತನಾಳಗಳ ಜಾಲ, ಬಳಿಕ ಮಂಜಿನಂಥ ಮಾಂಸ, ಕೊನೆಗೆ ಗಟ್ಟಿಯಾದ ಚರ್ಮ. ಕೈಕಾಲುಗಳಲ್ಲಿ ಆರಂಭವಾದ ಈ ಬದಲಾವಣೆ ನಿಧಾನವಾಗಿ ಮೈಯೆಲ್ಲ ಹರಡುತ್ತದೆ. ಎಲ್ಲ ಮುಗಿದಾಗ ಅಲ್ಲಿ ಮಲಗಿರುವುದು ಸುಮಾರು ಮೂವತ್ತು ವರ್ಷದ, ಬೆತ್ತಲೆಯಾದ, ಜಜ್ಜಿಹೋದ ಒಬ್ಬ ಯುವಕ. ಕೂದಲು, ಗಡ್ಡ ಬೆಳ್ಳಗಿವೆ, ವಯಸ್ಸಿನಿಂದಲ್ಲ, ಹುಟ್ಟಿನಿಂದ. ಕಣ್ಣು ತೆರೆದೇ ಇದೆ. ಮುಖದಲ್ಲಿ ಸಿಟ್ಟು, ದಿಗಿಲು.

ಸತ್ತ ಮೇಲೆ ಯಾಕೆ ಕಾಣಿಸಿದ ಎಂದು ನೀವು ಕೇಳಬಹುದು. ವೆಲ್ಸ್ ಆ ಸಾಲವನ್ನು ಮೊದಲೇ ಲೆಕ್ಕಕ್ಕೆ ಸೇರಿಸಿದ್ದಾರೆ. ಕೆಂಪ್ ಮನೆಗೆ ಮೊದಲು ನುಗ್ಗಿದಾಗ ಗ್ರಿಫಿನ್ನನ ಗಾಯದ ರಕ್ತ ಹೆಪ್ಪುಗಟ್ಟಿ ಹಾಸಿಗೆಯ ಮೇಲೆ ಕಾಣುತ್ತದೆ. ತಾನು ಬದಲಾಯಿಸಿದ್ದು ಜೀವಂತ ಅಂಗಾಂಶವನ್ನು ಮಾತ್ರ, ಅದೂ ಬದುಕಿರುವಷ್ಟು ಕಾಲ ಮಾತ್ರ ಎಂದು ಅವನೇ ಆಗ ಹೇಳಿಬಿಡುತ್ತಾನೆ. ಓದುಗರು ಆ ಮಾತನ್ನು ದಾಟಿಕೊಂಡು ಹೋಗಿರುತ್ತಾರೆ. ಅಂತ್ಯದ ಬೀಜವನ್ನು ಇಷ್ಟು ಮುಂಚೆ, ಇಷ್ಟು ಸಹಜವಾಗಿ ಬಿತ್ತಿದ್ದರಿಂದಲೇ ಕೊನೆಯ ದೃಶ್ಯ ಮಂತ್ರದಂತೆ ಕಾಣದೆ ನ್ಯಾಯವಾದ ಫಲದಂತೆ ಕಾಣುತ್ತದೆ. ಯಾವ ಧಾರಾವಾಹಿಯ ಕೊನೆಯ ಕಂತನ್ನು ಓದಿದರೂ ಹಿಂದಕ್ಕೆ ಹೋಗಿ ಇಂಥ ಬೀಜವನ್ನು ಹುಡುಕಿ. ಅದು ಇಲ್ಲದೆ ಬಂದ ಅಂತ್ಯ ಎಷ್ಟೇ ರೋಚಕವಾಗಿದ್ದರೂ ಅಂಟಿಸಿದಂತೆ ಇರುತ್ತದೆ.

ಅವನ ಮುಖ ಮುಚ್ಚಿ ಎಂದು ಗುಂಪಿನಿಂದ ಯಾರೋ ಕೂಗುತ್ತಾರೆ. ಮುಂದೆ ನುಗ್ಗಿದ ಮಕ್ಕಳನ್ನು ತಿರುಗಿಸಿ ಕಳಿಸುತ್ತಾರೆ. ಹತ್ತಿರದ 'ಜಾಲಿ ಕ್ರಿಕೆಟರ್ಸ್' ಎಂಬ ಇನ್‌ನಿಂದ ಒಂದು ಹೊದಿಕೆ ತಂದು ಹೊದಿಸಿ, ದೇಹವನ್ನು ಒಳಗೆ ಸಾಗಿಸುತ್ತಾರೆ.

ಮೊದಲ ಕಂತನ್ನು ಇದರ ಪಕ್ಕ ಇಡಿ. ಅಲ್ಲಿ ಒಂದು ಇನ್, ಇಲ್ಲೂ ಒಂದು ಇನ್. ಅಲ್ಲಿ ಬಟ್ಟೆ ಸುತ್ತಿದ ಮುಖ, ಇಲ್ಲಿ ಬಟ್ಟೆ ಹೊದಿಸಿದ ಮುಖ. ಮೊದಲು ಮುಖ ಮುಚ್ಚಿಕೊಂಡವನು ಅವನೇ, ಒಳಗೆ ಏನೂ ಇಲ್ಲ ಎಂಬುದನ್ನು ಊರು ನೋಡಬಾರದು ಎಂದು. ಕೊನೆಯಲ್ಲಿ ಮುಖ ಮುಚ್ಚಿಸುವುದು ಊರು, ಒಳಗೆ ಒಬ್ಬ ಮನುಷ್ಯ ಇದ್ದಾನೆ ಎಂಬುದನ್ನು ತಾನೇ ನೋಡಲಾರದೆ. ಗ್ರಿಫಿನ್ ಒಳ್ಳೆಯವನಲ್ಲ. ತಂದೆಯ ಬಳಿಯಿದ್ದ ಪರರ ಹಣವನ್ನು ಕದ್ದು ತಂದೆಯ ಸಾವಿಗೆ ಕಾರಣನಾದವನು, ಏನೂ ಮಾಡದವನನ್ನು ಕೊಂದವನು. ವೆಲ್ಸ್ ಅವನ ಒಂದು ಅಪರಾಧವನ್ನೂ ಕಡಿಮೆ ಮಾಡಿ ತೋರಿಸುವುದಿಲ್ಲ. ಅಷ್ಟಾದರೂ ಅವನು ಕಣ್ಣಿಗೆ ಕಾಣಿಸಿದ ಕೂಡಲೇ ನಮ್ಮ ದೃಷ್ಟಿ ಅವನ ಸುತ್ತ ನಿಂತವರ ಕಡೆಗೆ ಹೊರಳುತ್ತದೆ. ಕಾಣದ್ದನ್ನು ಹೊಡೆಯುವಾಗ ಯಾರ ಕೈಯೂ ಅಳುಕಲಿಲ್ಲ. ಹೊಡೆದದ್ದು ಏನನ್ನು ಎಂದು ಕಂಡಾಗ ಒಬ್ಬರಿಗೂ ನೋಡಲು ಆಗಲಿಲ್ಲ.

ಈ ಲೇಖನದಲ್ಲಿ ನಾನು ನಿಮಗೆ ಮುಟ್ಟಿಸಬೇಕೆಂದಿರುವ ಮಾತು ಇದೇ. ಸಣ್ಣ ಊರಿನ ಭಯದ ಕಥೆಯಲ್ಲಿ ಕೊನೆಯ ಕಂತು ಭಯ ಹುಟ್ಟಿಸಿದವನ ಗತಿಯನ್ನು ಹೇಳುತ್ತದೆ, ಜೊತೆಗೆ ಊರಿನ ನಿಜರೂಪವನ್ನೂ ತೋರಿಸುತ್ತದೆ. ಕಂತುಕಂತಾಗಿ ಅಪರಿಚಿತನನ್ನೇ ದಿಟ್ಟಿಸುತ್ತಾ ಬಂದ ನಮಗೆ ಆ ಊರಿನವರು ಪೂರ್ತಿಯಾಗಿ ಕಾಣುವುದು ಆಗಲೇ.

ಆರನೆಯ ಹಂತ: ಬಾಕಿ ಉಳಿದ ಲೆಕ್ಕ

ಕಥೆಗೆ ಒಂದು ಉಪಸಂಹಾರ ಇದೆ. ಮುಖ್ಯ ಘಟನೆಗಳು ಮುಗಿದ ಮೇಲೆ, ಕೆಲವು ಕಾಲದ ನಂತರದ ಸ್ಥಿತಿಯನ್ನು ಹೇಳುವ ಚಿಕ್ಕ ಭಾಗಕ್ಕೆ ಹಾಗೆನ್ನುತ್ತಾರೆ. ಇದು ಕಥೆ ಪುಸ್ತಕವಾದಾಗ ಸೇರಿಕೊಂಡದ್ದು.

ಅಲ್ಲಿ ನಾವು ಮತ್ತೆ ಮಾರ್ವೆಲ್‌ನನ್ನು ಕಾಣುತ್ತೇವೆ. ಅಲೆಮಾರಿಯಾಗಿದ್ದವನು ಈಗ ಒಂದು ಇನ್‌ನ ಯಜಮಾನ. ಗ್ರಿಫಿನ್ ಕದ್ದ ಹಣ ಯಾರದೆಂದು ಸಾಬೀತು ಮಾಡಲು ವಕೀಲರಿಗೆ ಸಾಧ್ಯವಾಗದೆ ಅವನಲ್ಲೇ ಉಳಿದಿದೆ. ಊರನ್ನು ನಡುಗಿಸಿದ ಘಟನೆಯನ್ನು ರಂಗದ ಮೇಲೆ ನಿಂತು ಹೇಳಿ ಸಂಭಾವನೆಯನ್ನೂ ಪಡೆದಿದ್ದಾನೆ. ಅವನ ಇನ್‌ನ ಫಲಕದಲ್ಲಿ ಒಂದು ಟೋಪಿ, ಒಂದು ಜೊತೆ ಬೂಟು, ನಡುವೆ ಖಾಲಿ. ಒಂದು ಕಾಲದ ದಿಗಿಲು ವ್ಯಾಪಾರದ ಗುರುತಾಗಿದೆ.

ಆ ಮೂರು ಪುಸ್ತಕಗಳೇನಾದವು ಎಂದು ಕೇಳಿದರೆ, ತನ್ನ ಬಳಿ ಇಲ್ಲ ಎಂದು ಆಣೆ ಇಡುತ್ತಾನೆ. ಆದರೆ ಭಾನುವಾರ ಬೆಳಿಗ್ಗೆ, ಮತ್ತು ದಿನಾ ರಾತ್ರಿ ಹತ್ತರ ಮೇಲೆ, ಬಾಗಿಲಿಗೆ ಬೀಗ ಹಾಕಿ, ಮೇಜಿನ ಕೆಳಗೂ ಬಗ್ಗಿ ನೋಡಿ, ಬೀರುವಿನೊಳಗಿನ ಪೆಟ್ಟಿಗೆಯಿಂದ ಅವುಗಳನ್ನು ಹೊರತೆಗೆಯುತ್ತಾನೆ. ಚರಂಡಿಯ ನೀರಿನಲ್ಲಿ ನೆನೆದು ಕೆಲವು ಪುಟಗಳ ಬರಹ ತೊಳೆದುಹೋಗಿದೆ. ಉಳಿದವು ಅವನಿಗೆ ಅರ್ಥವಾಗದ ಗಣಿತದ ಗುರುತುಗಳು. ಆದರೂ ಕೂತು ಓದುತ್ತಾನೆ. ಇದು ಕೈಗೆ ಹತ್ತಿದರೆ ತಾನು ಗ್ರಿಫಿನ್ ಮಾಡಿದ್ದನ್ನು ಮಾಡುವುದಿಲ್ಲ ಎಂದುಕೊಳ್ಳುತ್ತಾನೆ. ತಾನು ಏನು ಮಾಡುತ್ತೇನೆ ಎಂಬ ಮಾತನ್ನು ಮಾತ್ರ ಪೂರ್ತಿ ಮಾಡುವುದಿಲ್ಲ.

ಮಾರ್ವೆಲ್ ದುಷ್ಟನಲ್ಲ. ಪುಸ್ತಕಗಳು ಅವನಿಗೆ ಅರ್ಥವಾಗುವ ಸಾಧ್ಯತೆಯೂ ಕಾಣುವುದಿಲ್ಲ. ವೆಲ್ಸ್ ಈ ಬಾಕಿಯನ್ನು ಉಳಿಸಿದ್ದು ಎರಡನೆಯ ಭಾಗ ಬರೆಯುವ ಆಸೆಯಿಂದಲ್ಲ, ಅಂಥ ಭಾಗವನ್ನು ಅವರು ಬರೆಯಲೂ ಇಲ್ಲ. ಗ್ರಿಫಿನ್ನನನ್ನು ಕೆಡಿಸಿದ ಆಸೆ ಸಾಧಾರಣ ಮನುಷ್ಯನ ಬೀರುವಿನಲ್ಲೂ ಇರುತ್ತದೆ ಎಂದು ಹೇಳಲು ಅವರಿಗೆ ಈ ಪುಸ್ತಕಗಳು ಬೇಕಾಗಿದ್ದವು.

ಏಳನೆಯ ಹಂತ: ಅದೇ ಕಥೆ, ಬೇರೆ ಅಂತ್ಯ

ಅಂತ್ಯದ ಮಹತ್ವ ತಿಳಿಯಲು ಅದನ್ನು ಬದಲಾಯಿಸಿ ನೋಡುವುದು ಒಳ್ಳೆಯ ಉಪಾಯ. ಜೇಮ್ಸ್ ವೇಲ್ 1933ರಲ್ಲಿ ಈ ಕಥೆಯನ್ನು ಸಿನಿಮಾ ಮಾಡಿದರು, ಕ್ಲಾಡ್ ರೇನ್ಸ್ ಮುಖ್ಯಪಾತ್ರದಲ್ಲಿದ್ದರು. ಅದರಲ್ಲಿ ಅದೃಶ್ಯ ಮನುಷ್ಯ ಅಡಗಿದ್ದ ಕಣಜಕ್ಕೆ ಪೊಲೀಸರು ಬೆಂಕಿ ಹಚ್ಚುತ್ತಾರೆ. ಹೊರಬಂದವನ ಹೆಜ್ಜೆಗುರುತುಗಳು ಹಿಮದಲ್ಲಿ ಮೂಡುತ್ತವೆ, ಅದನ್ನು ನೋಡಿ ಗುಂಡು ಹಾರಿಸುತ್ತಾರೆ. ಅವನು ಆಸ್ಪತ್ರೆಯ ಹಾಸಿಗೆಯಲ್ಲಿ, ಪ್ರೀತಿಸಿದವಳು ಪಕ್ಕದಲ್ಲಿರುವಾಗ, ಪಶ್ಚಾತ್ತಾಪಪಟ್ಟು ಸಾಯುತ್ತಾನೆ. ಮುಖ ನಿಧಾನವಾಗಿ ಕಾಣಿಸಿಕೊಳ್ಳುತ್ತದೆ. ದೃಶ್ಯವಾಗಿ ಇದು ಬಹಳ ಸೊಗಸಾಗಿದೆ.

ಬದಲಾದದ್ದು ಏನೆಂದು ನೋಡಿ. ಸಲಿಕೆಯ ಜಾಗದಲ್ಲಿ ಪೊಲೀಸರ ಬಂದೂಕು ಬಂದಿದೆ, ಬೀದಿಯ ಜಾಗದಲ್ಲಿ ಆಸ್ಪತ್ರೆ ಬಂದಿದೆ. ಅವನನ್ನು ಹುಚ್ಚನಾಗಿ ಮಾಡಿದ್ದು ಒಂದು ಔಷಧಿ ಎಂದು ಸಿನಿಮಾ ಹೇಳುವುದರಿಂದ ಅವನ ಹೊಣೆಯೂ ಹಗುರವಾಗಿದೆ. ಊರಿನ ಕೈಗೆ ರಕ್ತ ಅಂಟಿಲ್ಲ. ಕಥೆ ಒಂದೇ ಆದರೂ, ಊರಿನ ಬಗ್ಗೆ ಕೇಳಬೇಕಾದ ಪ್ರಶ್ನೆ ಈ ಅಂತ್ಯದಲ್ಲಿ ಏಳುವುದಿಲ್ಲ.

ಎಂಟನೆಯ ಹಂತ: ಇನ್ನು ನೀವೇ ಓದಿ

ಅಭ್ಯಾಸಕ್ಕೆ ಎರಡು ಕಥೆಗಳನ್ನು ಸೂಚಿಸುತ್ತೇನೆ. ಶೆರಿಡನ್ ಲೆ ಫಾನು ಬರೆದ 'ಕಾರ್ಮಿಲ್ಲಾ' 1871–72ರಲ್ಲಿ 'ದಿ ಡಾರ್ಕ್ ಬ್ಲೂ' ಪತ್ರಿಕೆಯಲ್ಲಿ ಬಂತು. ರಕ್ತ ಹೀರುವ ಪಿಶಾಚಿ ನಾಶವಾದ ಮೇಲೂ ಕಥೆ ಹೇಳುವ ಹುಡುಗಿಗೆ ಅವಳ ಹೆಜ್ಜೆ ಕೇಳಿಸಿದಂತಾಗುತ್ತದೆ. ಅಲ್ಲಿ ಬಾಕಿ ಉಳಿಯುವುದು ಒಬ್ಬಳ ಮನಸ್ಸಿನಲ್ಲಿ. ಆರ್ಥರ್ ಕಾನನ್ ಡಾಯ್ಲ್ ಬರೆದ 'ದಿ ಹೌಂಡ್ ಆಫ್ ದಿ ಬಾಸ್ಕರ್‌ವಿಲ್ಸ್' 1901ರ ಆಗಸ್ಟ್‌ನಿಂದ 1902ರ ಏಪ್ರಿಲ್‌ವರೆಗೆ 'ದಿ ಸ್ಟ್ರಾಂಡ್' ಮಾಸಪತ್ರಿಕೆಯಲ್ಲಿ ಬಂತು. ಅದರ ಕೊನೆಯ ಅಧ್ಯಾಯದಲ್ಲಿ ಷರ್ಲಾಕ್ ಹೋಮ್ಸ್ ಭಯದ ಬಯಲು ಸೀಮೆಯಿಂದ ದೂರ ಬಂದು, ಲಂಡನ್ನಿನ ತನ್ನ ಮನೆಯಲ್ಲಿ ಕೂತು ಪ್ರತಿಯೊಂದು ಎಳೆಯನ್ನೂ ಬಿಡಿಸಿ ಹೇಳುತ್ತಾನೆ. ಅಲ್ಲಿ ಲೆಕ್ಕ ಪೂರ್ತಿ ಚುಕ್ತಾ.

ಸಾಧ್ಯವಾದರೆ ಒಂದೇ ಸಲಕ್ಕೆ ಓದಿ ಮುಗಿಸಬೇಡಿ. ಕೆಲವು ಅಧ್ಯಾಯ ಓದಿ ಒಂದು ವಾರ ಬಿಡಿ. ಆ ಬಿಡುವಿನಲ್ಲಿ ಕಥೆಯ ಬಗ್ಗೆ ಯಾರ ಜೊತೆಗಾದರೂ ಮಾತಾಡಿ, ಮುಂದೇನಾಗಬಹುದು ಎಂದು ಊಹಿಸಿ. ಐಪಿಂಗಿನ ಜನ ಮಾಡಿದ್ದೂ ಅದನ್ನೇ ಎಂದು ಆಗ ನಿಮಗೆ ಹೊಳೆಯುತ್ತದೆ. ಊಹೆ ಮಾಡುವ ಸುಖ ಎಂಥದು, ಅದು ಯಾವಾಗ ಅನುಮಾನವಾಗಿ ತಿರುಗುತ್ತದೆ ಎಂಬುದು ಅನುಭವಕ್ಕೆ ಬರುತ್ತದೆ.

ಕೊನೆಯ ಕಂತಿಗೆ ಬಂದಾಗ ಒಂದು ಕಾಗದ ಪಕ್ಕದಲ್ಲಿಟ್ಟುಕೊಂಡು ಇಷ್ಟನ್ನು ಬರೆದುಕೊಳ್ಳಿ: ಯಾರು ಬಾಗಿಲು ತೆರೆದರು, ಯಾರು ಮುಚ್ಚಿದರು? ಮೊದಲ ಏಟು ಯಾರದು? ಸಾಕು, ನಿಲ್ಲಿಸಿ ಎಂದವರು ಯಾರಾದರೂ ಇದ್ದರೇ, ಇದ್ದರೆ ಎಷ್ಟು ತಡವಾಗಿ ಹೇಳಿದರು? ಮರುದಿನ ಅಂಗಡಿ ಬಾಗಿಲು ತೆರೆದಾಗ ಆ ಊರಿನವರು ಒಬ್ಬರಿಗೊಬ್ಬರು ಏನು ಮಾತಾಡಿಕೊಂಡಿರಬಹುದು? ಈ ಕೊನೆಯ ಪ್ರಶ್ನೆಗೆ ಕಥೆಗಾರ ಸಾಮಾನ್ಯವಾಗಿ ಉತ್ತರ ಬರೆದಿರುವುದಿಲ್ಲ. ಅದನ್ನು ಬರೆಯಲು ಪ್ರಯತ್ನಿಸಿ, ಅರ್ಧ ಪುಟವಾದರೂ ಸಾಕು. ಓದುಗರಾಗಿ ಆ ಊರಿನಲ್ಲಿ ನೀವೂ ಇಷ್ಟು ದಿನ ಇದ್ದವರೇ. ಆ ಗುಂಪಿನಲ್ಲಿ ನೀವು ಎಲ್ಲಿ ನಿಂತಿದ್ದಿರಿ ಎಂಬುದು ಬರೆಯುತ್ತಾ ಹೋದಂತೆ ನಿಮಗೇ ಗೊತ್ತಾಗುತ್ತದೆ.